ಕೈ ಎತ್ತಿದವರು

ಶಾರ್ಕ್ ಹಿಡಿಯುವುದು ದಡದಿಂದಲೇ ಆದರೂ, ಗಾಳಕ್ಕೆ ಚುಚ್ಚಿದ ಮೀನಿನ ತುಂಡನ್ನು ದೋಣಿಯಲ್ಲಿ ಅಲೆಗಳಾಚೆ ಒಯ್ದು ಬಿಡಬೇಕು. ಆ ಕೆಲಸ ನನ್ನದು. ಭಾವ ಮರಳುದಿಬ್ಬದ ಮೇಲೆ ನಿಂತು ನೀರಿನ ಬಣ್ಣ ನೋಡುತ್ತಿದ್ದರು. ಆಳ ಶುರುವಾಗುವ ಕಡೆಗೆ ನಾನು ತಲುಪಿದೊಡನೆ, ತುಂಡು ಬಿಡು ಅಂತ ಕೈ ಎತ್ತುತ್ತಿದ್ದರು. ದೋಣಿಯಲ್ಲಿ ಕೂತವನಿಗೆ ನೀರಿನ ಆ ವ್ಯತ್ಯಾಸ ಕಾಣಿಸುವುದಿಲ್ಲ. ಹಿಡಿದದ್ದನ್ನು ಮತ್ತೆ ನೀರಿಗೇ ಬಿಡುತ್ತಿದ್ದೆವು; ಅಕ್ಕನ ಪ್ರಕಾರ ಇಬ್ಬರಿಗೂ ತಲೆ ಸರಿಯಿಲ್ಲ.

ಭಾವನಿಗೆ ಮಂಡಿನೋವು ಅಂತ ಅಕ್ಕ ಅವರನ್ನು ಸಮುದ್ರದ ಗಾಳಿಯೂ ಸುಳಿಯದ ಊರಿಗೆ ಕರೆದುಕೊಂಡು ಹೋದಳು. ಹಾಳಾದ ಮಂಡಿ, ನನ್ನ ದಡವನ್ನೇ ಖಾಲಿ ಮಾಡಿತು.

ಇವತ್ತು ಒಬ್ಬನೇ ಹುಟ್ಟು ಹಾಕಿದೆ. ಅಭ್ಯಾಸಬಲದಿಂದ ತಿರುಗಿ ನೋಡಿದರೆ, ದಿಬ್ಬದ ಮೇಲೆ ನಾಯಿ ಹಿಡಿದುಕೊಂಡು ಯಾರೋ ಹೆಂಗಸು ನಿಂತಿದ್ದರು. ಅವರಿಗೇನನ್ನಿಸಿತೋ, ನನ್ನತ್ತ ಕೈ ಎತ್ತಿದರು. ನಾನು ತುಂಡನ್ನು ಬಿಟ್ಟುಬಿಟ್ಟೆ. ದಡಕ್ಕೆ ಬರುವಷ್ಟರಲ್ಲಿ ಅವರೂ ಇಲ್ಲ, ನಾಯಿಯೂ ಇಲ್ಲ.

ಮರಳಲ್ಲಿ ನೆಟ್ಟ ಗಾಳದ ಕೋಲಿನ ಪಕ್ಕ ಕೂತು ಭಾವನಿಗೆ ಫೋನ್ ಮಾಡಿದೆ.

“ಇವತ್ತು ಯಾರೋ ಕೈ ಎತ್ತಿದ್ರು ಭಾವ.”

“ಯಾರು?”

“ಗೊತ್ತಿಲ್ಲ. ದಾರೀಲಿ ಹೋಗೋರು.”

ಭಾವ ಕೇಳಿದರು: “ಸರಿಯಾದ ಜಾಗದಲ್ಲೇ ಎತ್ತಿದ್ರಾ?”

ಅಷ್ಟರಲ್ಲಿ ಕೋಲು ಬಾಗಿತು. ರೀಲು ಕಿರುಚುತ್ತಾ ದಾರ ಬಿಚ್ಚತೊಡಗಿತು. ಆ ಸದ್ದು ಅವರಿಗೆ ಕೇಳದಿರಲೆಂದು ಬೆನ್ನು ತಿರುಗಿಸಿ, ಫೋನಿಗೆ ಅಂಗೈ ಅಡ್ಡ ಹಿಡಿದೆ.

“ಎಲ್ಲಿಂದ ಭಾವ! ನಿಮ್ಮ ಹಾಗೆ ನೀರು ನೋಡೋಕೆ ಯಾರಿಗೆ ಬರುತ್ತೆ? ಇಲ್ಲಿ ಒಂದು ಸೊಳ್ಳೇನೂ ಕಚ್ಚಿಲ್ಲ.”