ಒಡಿಲಿಯಾಳ ಮನೆಮಾತು

“ಏಯ್ ಕುಳ್ಳಿ, ನೆಲಕ್ಕೆ ಹತ್ತಿರ ಇದ್ದೀಯ ಅಂತ ತಾನೇ ನಿನ್ನ ಇಟ್ಕೊಂಡಿರೋದು? ಬಗ್ಗೋಕೂ ಸೋಮಾರಿತನವೇನೇ, ಮುಂಡೇದೇ!”

ಮೇಸ್ತ್ರಿ ರಮೀರೋ ಫಿಡೆನ್ಸಿಯಾಳ ಪೆಟ್ಟಿಗೆಯನ್ನು ಬೂಟುಗಾಲಿನಿಂದ ಒದ್ದ. ಸ್ಟ್ರಾಬೆರಿ ಕೆಸರಿಗೆ ಚೆಲ್ಲಿತು. ಪಕ್ಕದ ಸಾಲಿನಲ್ಲೇ ಇದ್ದ ನಾನು ತಲೆ ಎತ್ತಲಿಲ್ಲ. ತಲೆ ಎತ್ತಿದವಳ ಸಾಲು ಇನ್ನೊಬ್ಬಳ ಪಾಲಾಗುತ್ತದೆ, ಮತ್ತೆ ಸಾಲು ಕೊಡುವುದು ಅವನ ಮರ್ಜಿ. ಕ್ಯಾಲಿಫೋರ್ನಿಯಾದ ಈ ಹೊಲಗಳಲ್ಲಿ ಬೆನ್ನು ಬಗ್ಗಿಸುವವರು ನಾವು, ಮೆಕ್ಸಿಕೋದ ಓಹಾಕಾ ಬೆಟ್ಟದವರು. ಬಯ್ಯುವವರೂ ಮೆಕ್ಸಿಕೋದವರೇ, ಆದರೆ ಬೆಟ್ಟದವರಲ್ಲ.

“ಇಸ್ಕೂಲಿಗೆ ಕರ್ದವ್ರೆ ಯಜಮಾನ್ರೇ, ಮಗೀ ಇಸ್ಯಕ್ಕೆ. ಈ ಅಕ್ಕನ್ನೂ ಜೊತೆಗೆ ಕರ್ಕೊಂಡು ಒಂದ್ಗಳಿಗೇಲಿ ವೋಗ್ಬಂದ್ಬುಡ್ತೀನಿ,” ಫಿಡೆನ್ಸಿಯಾ ನನ್ನತ್ತ ಕೈ ತೋರಿಸಿ ಅಂದಳು.

“ನಿನ್ನ ಮೂಗಿ ಮಗಳನ್ನ ಮಂಕು ಮಕ್ಕಳ ಕ್ಲಾಸಿಗೆ ಹಾಕ್ತಾರಂತೆ, ನನ್ನ ಹೆಂಡ್ತಿ ಹೇಳಿದ್ಲು. ರುಜು ಹಾಕಿ ತೆಪ್ಪಗೆ ಬಾ. ಅಲ್ಲೇನಾದ್ರೂ ಬಾಲ ಬಿಚ್ಚಿದ್ರೆ ನಾಳೆ ಈ ಕಡೆ ತಲೆ ಹಾಕ್ಬೇಡ.”

ಅವನ ಹೆಂಡತಿ ಲೆತಿಸಿಯಾ ಶಾಲೆಯಲ್ಲಿ ದುಭಾಷಿ. ಹೊಲದಲ್ಲಿ ಗಂಡ, ಶಾಲೆಯಲ್ಲಿ ಹೆಂಡತಿ. ಇಬ್ಬರನ್ನೂ ತಪ್ಪಿಸಿಕೊಂಡು ನಾವು ಎಲ್ಲಿಗೂ ಹೋಗುವ ಹಾಗಿರಲಿಲ್ಲ.

ಫಿಡೆನ್ಸಿಯಾಳ ಮಗಳು ಒಡಿಲಿಯಾಗೆ ಆರು ವರ್ಷ. ಮನೆಯಲ್ಲಿ ಆ ಹುಡುಗಿಯ ಬಾಯಿ ಮುಚ್ಚಿಸುವುದೇ ಕಷ್ಟ. ಮೆಣಸಿನಕಾಯಿ ಅರೆಯುವ ಕಲ್ಲಿಗೂ ಕಥೆ ಹೇಳುತ್ತಾಳೆ. ಶಾಲೆಯಲ್ಲಿ ಮಾತ್ರ ವರ್ಷವಿಡೀ ತುಟಿ ಬಿಚ್ಚಿಲ್ಲ. ಬಿಚ್ಚುವುದಾದರೂ ಹೇಗೆ? ಸೇರಿಸಿದ ದಿನ ಲೆತಿಸಿಯಾ ಕೌಂಟರಿನ ಹಿಂದೆ ಕೂತು, “ಮನೇಲಿ ಏನು ಮಾತಾಡ್ತೀರಾ? ಸ್ಪ್ಯಾನಿಶ್ ತಾನೇ? ಇಲ್ಲಾ ಆ ಬೆಟ್ಟದ ಕಚಪಚವೋ?” ಎಂದು ಮೂಗು ಮುರಿದಿದ್ದಳು. ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ಫಿಡೆನ್ಸಿಯಾ ತಲೆ ತಗ್ಗಿಸಿ “ಸ್ಪ್ಯಾನಿಶ್” ಅಂದಳು. ನಾವೆಲ್ಲ ಅನ್ನುವುದು ಹಾಗೇ. ನಮ್ಮ ಮಾತಿಗೆ ಮಿಶ್ತೆಕ್ ಎಂಬ ಹೆಸರಿದೆ, ಹೊಸಿಲು ದಾಟಿದರೆ ಅದನ್ನು ನುಂಗಿಕೊಳ್ಳುತ್ತೇವೆ. ಶಾಲೆಯವರು ನಂಬಿದರು. ಮಗುವಿಗೆ ಇಂಗ್ಲಿಷ್ ಕಲಿಸಲು ವರ್ಷವೆಲ್ಲ ಸ್ಪ್ಯಾನಿಶ್‌ನಲ್ಲಿ ವಿವರಿಸಿದರು. ಅವಳಿಗೆ ಅದೂ ಬಾರದು, ಇದೂ ಬಾರದು.

ಹೆಡ್ ಮೇಡಮ್ಮಿನ ಕೋಣೆಗೆ ನಾವು ಕೆಸರು ಬೂಟಿನಲ್ಲೇ ಹೋದೆವು. ಮೇಡಮ್ ನೆಲ ನೋಡಿದರು, ಆಮೇಲೆ ನಮ್ಮನ್ನು. ಇಂಗ್ಲಿಷಿನಲ್ಲಿ ಬಹಳ ಹೊತ್ತು, ಬಹಳ ಮೆತ್ತಗೆ ಮಾತಾಡಿದರು. ಲೆತಿಸಿಯಾ ಅದನ್ನು ಸ್ಪ್ಯಾನಿಶ್‌ನಲ್ಲಿ ಚುಟುಕಾಗಿ ಮುಗಿಸಿದಳು.

“ನಿನ್ನ ಮಗಳಿಗೆ ಬುದ್ಧಿ ಬೆಳೆದಿಲ್ವಂತೆ. ಸೋಮವಾರದಿಂದ ಬೇರೆ ಸ್ಕೂಲು, ಬೇರೆ ಬಸ್ಸು. ಇಲ್ಲಿ ಹಾಕು ರುಜು.”

ಮಕ್ಕಳ ಬುದ್ಧಿ ಪರೀಕ್ಷೆ ಮಾಡುವ ಎಳೆ ವಯಸ್ಸಿನ ಮೇಷ್ಟ್ರು, ಅಲ್ಲೇ ಕೂತಿದ್ದ ಒಡಿಲಿಯಾಳ ಮುಂದೆ ಕೊನೆಯದಾಗಿ ಒಂದು ಚಿತ್ರ ಹಿಡಿದು ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದ, ಲೆತಿಸಿಯಾ ಸ್ಪ್ಯಾನಿಶ್‌ನಲ್ಲಿ ಕೇಳಿದಳು. ಒಡಿಲಿಯಾ ನೆಲ ನೋಡಿದಳು. ಮೇಡಮ್ ನಿಟ್ಟುಸಿರು ಬಿಟ್ಟು ಪೆನ್ನು ಮುಂದೆ ತಳ್ಳಿದರು.

ಫಿಡೆನ್ಸಿಯಾ ಪೆನ್ನು ಬಿಟ್ಟು ಆ ಚಿತ್ರವನ್ನೇ ಕಿತ್ತುಕೊಂಡಳು. ನಮ್ಮ ಮಾತಿನಲ್ಲಿ, ಎಲ್ಲರೆದುರಿಗೇ, ಕೇಳಿದಳು: “ಏನವ್ವಾ ಇದು? ಯೋಳು.”

“ನಾಯಿ ಕಣವ್ವಾ. ಕುಂಟ್ತಾ ಅದೆ. ಈ ಹುಡ್ಗನೇ ಕಲ್ಲು ವೊಡ್ದಿರಾದು, ಕೈಯ ಹಿಂದ್ಕೆ ಬಚ್ಚಿಟ್ಕೊಂಡವ್ನೆ ನೋಡು ಕಳ್ಳ! ಅವ್ರಪ್ಪನ್ಗೆ ಗೊತ್ತಾದ್ರೆ ಬುಟ್ಟಾನಾ?”

ಹುಡುಗಿ ನಿಲ್ಲಿಸಲೇ ಇಲ್ಲ. ಮೇಷ್ಟ್ರ ಕೈ ಬರೆಯುತ್ತಾ ಇದ್ದದ್ದು ನಿಂತಿತು. ಇದು ಯಾವ ಭಾಷೆ ಎಂದು ಅವನು ಕೇಳಿದ್ದು ನನಗೂ ಅರ್ಥವಾಯಿತು. ಲೆತಿಸಿಯಾ ನಕ್ಕು, ಅದೇನೂ ಅಲ್ಲ ಎಂಬಂತೆ ಕೈ ಬೀಸಿದಳು. ಅದೇ ನಗುವನ್ನು ಮುಖದಲ್ಲಿಟ್ಟುಕೊಂಡೇ ನಮ್ಮ ಕಡೆ ತಿರುಗಿದಳು.

“ಬೇರೆ ಭಾಷೆ ಅಂದ್ರೆ ಅವತ್ತು ಸರ್ಕಾರಕ್ಕೆ ಸುಳ್ಳು ಹೇಳಿದ ಹಾಗಾಯ್ತು. ಸುಳ್ಳು ಹೇಳಿದೋರನ್ನ ಯಾರು ಹುಡುಕ್ಕೊಂಡು ಬರ್ತಾರೆ ಗೊತ್ತಲ್ಲ? ಈ ದೇಶದಲ್ಲಿರೋಕೆ ನಿನ್ನ ಹತ್ರ ಕಾಗದ ಇದ್ಯೇನೇ?”

ನಮ್ಮಿಬ್ಬರ ಹತ್ತಿರವೂ ಇರಲಿಲ್ಲ.

ಫಿಡೆನ್ಸಿಯಾ ಎದ್ದು ನಿಂತು ಮೇಡಮ್ಮಿನ ಮುಖಕ್ಕೆ ಮುಖ ಕೊಟ್ಟು ನಮ್ಮ ಮಾತಿನಲ್ಲೇ ಶುರುಮಾಡಿದಳು. “ಅಮ್ಮೋರೇ, ನನ್ ಮಗ್ಳು ಮಂಕಲ್ಲ. ನಾನು ನಾಚ್ಕೊಂಡು ಬಾಯಿ ಕಟ್ಕೊಂಡಿದ್ದೆ, ಅದ್ಕೇ ಅವ್ಳ ಬಾಯೂ ಕಟ್ಟೋಯ್ತು.”

“ಸ್ಪ್ಯಾನಿಶಲ್ಲಿ ಬೊಗಳೇ, ಲೌಡಿ!”

ಫಿಡೆನ್ಸಿಯಾ ನಿಲ್ಲಿಸಲಿಲ್ಲ. ಯಾರಿಗೂ ತಿಳಿಯದ ಮಾತನ್ನು ಆಡುತ್ತಲೇ ಹೋದಳು. ನನ್ನ ಮಗನೂ ಆ ಶಾಲೆಯಲ್ಲೇ ಓದುತ್ತಾನೆ, ಅವನಿಗೂ ನಾನು ಸ್ಪ್ಯಾನಿಶ್ ಎಂದೇ ಹೇಳಿದ್ದೆ. ನಾನೂ ಎದ್ದೆ. ನನಗೆ ಬರುವ ನಾಲ್ಕಕ್ಷರ ಇಂಗ್ಲಿಷಿನಲ್ಲಿ, “ಮಿಶ್ತೆಕ್. ಅವಳದು. ನನ್ನ ಮಗನದೂ. ಸ್ಪ್ಯಾನಿಶ್ ಅಲ್ಲ,” ಅಂದೆ.

ಮೇಷ್ಟ್ರು ಮೇಡಮ್ಮಿಗೆ ಏನೋ ಹೇಳಿದ. ಮೇಡಮ್ ಮುಖ ಗಂಟಿಕ್ಕಿಕೊಂಡು, ಮಿಶ್ತೆಕ್ ಬಲ್ಲ ದುಭಾಷಿ ಸಿಕ್ಕಿದರೆ ಮತ್ತೆ ಪರೀಕ್ಷೆ ಮಾಡೋಣ, ಇಲ್ಲದಿದ್ದರೆ ಸೋಮವಾರ ಬಸ್ಸು ಬರುತ್ತದೆ ಅಂದದ್ದು ನನಗೆ ಅಷ್ಟಿಷ್ಟು ತಿಳಿಯಿತು. ಲೆತಿಸಿಯಾ ಅಲ್ಲೇ ಫೋನ್ ತೆಗೆದು ಗಂಡನಿಗೆ ಹಚ್ಚಿದಳು. ಮಾತಾಡುವಾಗ ನಮ್ಮನ್ನೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಹೊಲದ ಗೇಟಿನಲ್ಲಿ ರಮೀರೋ ಒಬ್ಬೊಬ್ಬರ ಹೆಸರು ಕೂಗಿ ಸಾಲು ಕೊಟ್ಟ. ನಮ್ಮಿಬ್ಬರದು ಕೂಗಲಿಲ್ಲ.

“ಕುಳ್ಳಿಯರಿಬ್ರೂ ಇಂಗ್ಲಿಷ್ ಕಲೀತಾರಂತೆ. ಹಣ್ಣು ಯಾತಕ್ಕೆ ಅವರಿಗೆ?”

ಯಾರೂ ನಗಲಿಲ್ಲ. ನಮ್ಮಲ್ಲೆಲ್ಲ ಹಿರಿಯಳು ಎಲೆಉತೇರಿಯಾ ಒಂದೊಂದೇ ಕೈಗವಸು ಕಳಚಿದಳು.

“ನನ್ ಮೊಮ್ಮಗನ್ ಮನೆಮಾತ್ನೂ ಇಸ್ಕೂಲಲ್ಲಿ ತಪ್ಪಾಗೇ ಯೋಳಿವ್ನಿ. ನಡೀರಮ್ಮೀ. ಎಲ್ಲಾನೂ ಇವತ್ತೇ ಸರಿ ಮಾಡ್ಸವಾ.”

ಹೆಂಗಸರು ಸಾಲು ಬಿಟ್ಟು ಈಚೆ ಬಂದರು. “ಹೋಗ್ರೇ ಹೋಗಿ, ಕಾಗದ ಇಲ್ದೋರನ್ನ ವ್ಯಾನಲ್ಲಿ ತುಂಬ್ಕೊಂಡು ಗಡಿ ದಾಟ್ಸೋರಿಗೂ ಸುಲಭ ಆಗುತ್ತೆ, ಒಂದೇ ಕಡೆ ಸಿಕ್ತೀರಾ!” ಎಂದು ರಮೀರೋ ಹಿಂದಿನಿಂದ ಕೂಗಿದ. ಫೋನ್ ಆಗಲೇ ಅವನ ಕಿವಿಯಲ್ಲಿತ್ತು.

ಶಾಲೆಯ ಆಫೀಸು ನಮ್ಮಿಂದಲೇ ತುಂಬಿಹೋಯಿತು. ಕೌಂಟರಿನ ಹಿಂದೆ ಲೆತಿಸಿಯಾ ಕೂತಿದ್ದಳು. ಕಿಟಕಿಯಾಚೆ ಕಪ್ಪು ಗಾಜಿನ ಬಿಳಿ ವ್ಯಾನೊಂದು ಬಂದು ನಿಂತಿತು. ಎಂಜಿನ್ ಆರಿಸಲಿಲ್ಲ, ಯಾರೂ ಇಳಿಯಲೂ ಇಲ್ಲ.

“ಮನೆಮಾತು?” ಲೆತಿಸಿಯಾ ಕೇಳಿದಳು. ಅವಳ ಕಣ್ಣು ನಮ್ಮ ಮೇಲಿರಲಿಲ್ಲ, ಕಿಟಕಿಯ ಮೇಲಿತ್ತು.

“ಮಿಶ್ತೆಕ್,” ಅಂದಳು ಫಿಡೆನ್ಸಿಯಾ.

“ಮಿಶ್ತೆಕ್!” ಒಡಿಲಿಯಾ ಅವ್ವನಿಗಿಂತ ಜೋರಾಗಿ ಕಿರುಚಿದಳು.

ಹೊರಗೆ ವ್ಯಾನಿನ ಬಾಗಿಲು ಸರಿದ ಸದ್ದಾಯಿತು. ಎಲೆಉತೇರಿಯಾ ಆಫೀಸಿನ ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

“ಮುಂದಿನವ್ಳು ಯೋಳಮ್ಮೀ,” ಅಂದಳು.