ಫೈನಲ್ ಮುಗಿಯುವ ತನಕ

ಕೂಗು ಎದ್ದು ಅರ್ಧಕ್ಕೇ ನಿಂತಿತು, ಗೋಲಾಗಲಿಲ್ಲ, ಆಗಿದ್ದರೆ ಇಷ್ಟರಲ್ಲಿ ಡೋಲು ಬಡಿಯುತ್ತಿದ್ದರು, ಬಾಲು ಕಂಬಕ್ಕೆ ತಾಗಿ ಹೊರಗೆ ಹೋಗಿರಬೇಕು ಎಂದುಕೊಳ್ಳುತ್ತಾ ಗ್ಲೋರಿಯಾ ಗಂಜಿ ಪಾತ್ರೆಯ ಮುಚ್ಚಳ ಸರಿಸಿದಳು — ಕಾಪುವಿನ ಇಗರ್ಜಿಯ ಮೈದಾನಕ್ಕೆ ಒತ್ತಿಕೊಂಡ ಮನೆ, ಇಷ್ಟು ವರ್ಷ ಇಲ್ಲಿ ಬಟ್ಟೆ ಒಗೆದು ಮೀನು ತೊಳೆದು, ಆಟ ನೋಡದೆಯೂ ಆಟ ತಿಳಿಯುತ್ತದೆ, ನಮ್ಮವರ ಕೂಗು ಬೇರೆ, ಕಾರ್ಕಳದವರ ಕೂಗು ಬೇರೆ, ಈಗ ಎರಡೂ ಸೇರಿಕೊಂಡು ಕೇಳುತ್ತಿದೆ, ಅಂದರೆ ಇನ್ನೂ ಸಮ ಸಮ. ಅಗುಳು ಕರಗಬೇಕು, ತಿಳಿ ಮಾತ್ರ ಕೊಡುವುದು, ಎರಡು ಚಮಚ ಒಳಗೆ ಹೋದರೆ ಸಾಕು, ನಿನ್ನೆ ಒಂದು ಕೊಟ್ಟದ್ದು ಹಾಗೆಯೇ ಕೆನ್ನೆಯಿಂದ ಇಳಿದು ದಿಂಬಿಗೆ ಹೋಯಿತು, ದಿಂಬಿನ ಕವರು ಒಗೆದು ಹಾಕಿದ್ದೇನೆ, ಒಣಗಿತೋ ಏನೋ, ಅಂಗಳಕ್ಕೆ ಹೋದರೆ ಬೇಲಿಯ ಮೇಲೆ ಕೂತ ಹುಡುಗರು ಕಾಣುತ್ತಾರೆ, ಈಗ ಬೇಡ. ನಿಮ್ಮ ಯಜಮಾನರು ಇನ್ನು ಮನೆಯಲ್ಲೇ ಇರಲಿ ಅಮ್ಮ, ಅವರಿಗೂ ಸಮಾಧಾನ, ಅಂದಿದ್ದರು ಮಣಿಪಾಲದ ಡಾಕ್ಟರು, ಲಿವರ್ ಮುಗಿಯಿತು ಎಂಬ ಮಾತು ಬಾಯಿಗೆ ತರಲಿಲ್ಲ, ಕಿಟಕಿ ನೋಡಿಕೊಂಡು ಹೇಳಿದರು, ಒಳ್ಳೆಯ ಮನುಷ್ಯ. ವ್ಯಾನಿನಲ್ಲಿ ಮಲಗಿಸಿಕೊಂಡು ಬರುವಾಗ ಉಡುಪಿ ದಾಟಿದ ಮೇಲೆ ಇವರು ಕಣ್ಣು ಬಿಟ್ಟು ಕೇಳಿದ್ದು ಒಂದೇ, ಫೈನಲಿಗೆ ನಾವು ಬಂದೆವಾ. ಬಂದೆವು, ಅಂದಳು. ಯಾರೊಟ್ಟಿಗೆ. ಕಾರ್ಕಳ. ಆಮೇಲೆ ಮನೆ ಮುಟ್ಟುವ ತನಕ ಆ ಬತ್ತಿದ ಮುಖದಲ್ಲಿ ಒಂದು ನಗು, ಹೆಂಡತಿಯನ್ನು ನೋಡಿ ಹಾಗೆ ನಕ್ಕದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳುತ್ತಾ ಅವಳು ಗ್ಲೂಕೋಸಿನ ಬಾಟ್ಲಿ ಎತ್ತಿ ಹಿಡಿದೇ ಬಂದಳು.

ಗಂಡ ಡೊಮಿನಿಕ್ ಬಹ್ರೇನಿನಿಂದ ಬಂದವರು ಮೊದಲು ಕಟ್ಟಿದ್ದು ಟೀಮು, ಮನೆ ಆಮೇಲೆ, ಸ್ಟಾರ್ ಬ್ರದರ್ಸ್ ಎಂದು ಹೆಸರು, ಹಳದಿ ಜೆರ್ಸಿ, ಆಟಗಾರರು ಗೋವಾದಿಂದ ಕೇರಳದಿಂದ ಬಂದು ಹೋಗುವವರು, ಉಳಿಯುವವರು ಈ ಊರಿನ ಸಪೋರ್ಟರುಗಳು, ಆ ಜೆರ್ಸಿ ಹಾಕಿಕೊಂಡೇ ಮಲಗಿ ಏಳುವವರು, ಧನಿ ಧನಿ ಎಂದು ಇವರ ಹಿಂದೆಯೇ ಸುತ್ತುವವರು, ಅವರಿಗೆ ಅಂಗಳದಲ್ಲಿ ಮೇಜು ಹಾಕಿ ಎಷ್ಟು ಹಂದಿ ಬೇಯಿಸಿದ್ದೇನೆ, ಎಷ್ಟು ಸಣ್ಣ ಕೊಯ್ದಿದ್ದೇನೆ ಶುಂಠಿ. ಮೊದಲ ಸಲ ಕಪ್ ಬಂದಾಗ ಧನಿಯನ್ನು ಹೆಗಲ ಮೇಲೆ ಕೂರಿಸಿ ಪೇಟೆಯೆಲ್ಲ ತಿರುಗಿಸಿದರು, ಮಲ್ಪೆಯ ಮೀನು ಲಾರಿ ಓಡಿಸುವ ರೋನಿಯ ಹೆಗಲು, ಅವನೇ ಸಪೋರ್ಟರುಗಳಿಗೆ ಮುಖಂಡ, ಅವನ ಮದುವೆಯ ಹಿಂದಿನ ದಿನ ರೋಸ್ ಶಾಸ್ತ್ರಕ್ಕೆ ತೆಂಗಿನ ಹಾಲು ಅವನ ತಲೆಗೆ ಹೊಯ್ದದ್ದು ಇದೇ ಗ್ಲೋರಿಯಾ, ತಾಯಿ ಇಲ್ಲದ ಹುಡುಗ ಎಂದು. ಆಮೇಲೆ ಇವರಿಗೆ ಕಾಯಿಲೆ ಬಂತು, ಕಣ್ಣು ಹಳದಿಯಾಯಿತು, ಚರ್ಮವೂ. ಧನಿಗೆ ಜೆರ್ಸಿ ಬೇಡ ಮಾರಾಯ, ಮೈಯೇ ಜೆರ್ಸಿ, ಅಂದನಂತೆ ಯಾರೋ, ಇವರು ಮನೆಗೆ ಬಂದು ಅದನ್ನೇ ಹೇಳಿ ನಕ್ಕರು, ಹುಡುಗರು ಅಲ್ವಾ, ತಮಾಷೆ. ಎರಡು ಆಟ ಸೋತ ಮೇಲೆ ಮುಂದಿನ ಸಾಲಿನಲ್ಲಿದ್ದ ಇವರ ಕುರ್ಚಿ ಹಿಂದಕ್ಕೆ ಹೋಯಿತು, ಬಿಸಿಲು ಧನಿ, ನಿಮಗೆ ನೆರಳು ಒಳ್ಳೆಯದು, ಮತ್ತೊಂದು ಸೋತಾಗ ತೆಂಗಿನ ಮರದ ಹಿಂದೆ, ಅಲ್ಲಿಂದ ಗೋಲುಕಂಬ ಅರ್ಧ ಮಾತ್ರ ಕಾಣುತ್ತದೆ. ಆ ಮುಖ ಕಂಡರೆ ನಮ್ಮವರ ಕಾಲು ಏಳುವುದಿಲ್ಲ ಎಂದು ಅಂಗಡಿಯಲ್ಲಿ ಆಡಿಕೊಂಡದ್ದನ್ನು ಪಕ್ಕದ ಮನೆಯ ಬರ್ತಾ ಬಂದು ಹೇಳಿದಳು, ಹೇಳಬಾರದಿತ್ತು, ಸಕ್ಕರೆ ಕೇಳಲು ಬಂದವಳು ಸಕ್ಕರೆ ತಕ್ಕೊಂಡು ಹೋಗಬಹುದಿತ್ತು.

ಬೆಳಿಗ್ಗೆ ರೋನಿ ಬಂದ, ಚಪ್ಪಲಿ ಕಳಚಲಿಲ್ಲ, ಮೆಟ್ಟಿಲಲ್ಲೇ ನಿಂತ, ಕಾಫಿ ಅಂದರೆ ಬೇಡ ಅಂದ, ಆಂಟಿ ತಪ್ಪು ತಿಳಿಯಬೇಡಿ, ಒಂದು ಮಾತು ಉಂಟು. ಎಂತ, ಹೇಳು. ಧನಿಗೆ ಇವತ್ತು ಎಂತಾದರೂ ಆದರೆ — ಆಗುವುದು ಬೇಡ, ಆದರೆ — ಫೈನಲ್ ಮುಗಿಯುವ ತನಕ ಇಮ್ಯಾನುಯೆಲನಿಗೆ ಹೇಳಿ ಕಳಿಸಬೇಡಿ. ಇಮ್ಯಾನುಯೆಲ್ ಇಗರ್ಜಿಯ ಗಂಟೆ ಬಾರಿಸುವವನು, ಊರಲ್ಲಿ ಯಾರು ತೀರಿಕೊಂಡರೂ ಗಂಟೆ ಹಾಕುತ್ತಾನೆ, ಆ ಗಂಟೆ ಬಿದ್ದ ಮೇಲೆ ಹೆಣ ಮಣ್ಣಾಗುವ ತನಕ ಮೈದಾನದಲ್ಲಿ ಚೆಂಡು ಉರುಳಬಾರದು, ಅಜ್ಜಂದಿರ ಕಾಲದ ಕಟ್ಟಳೆ. ಆಟ ನಿಂತರೆ ಕಪ್ ಕಾರ್ಕಳದವರು ಎತ್ತಿಕೊಂಡು ಹೋಗುತ್ತಾರೆ ಆಂಟಿ, ಗೋವಾದವರು ಇವತ್ತೇ ರೈಲು ಹತ್ತುತ್ತಾರೆ, ಧನಿಗೂ ಅದು ಬೇಡ, ಅಲ್ವಾ. ಅವನ ಕಣ್ಣಲ್ಲಿ ನೀರು ಬಂದಿತ್ತು, ಅದು ಸುಳ್ಳಲ್ಲ, ಯಾರಿಗಾಗಿ ಬಂದದ್ದೋ. ಒಳಗೆ ಬಂದು ಒಂದು ಸಲ ನೋಡಿ ಹೋಗು ಅಂದಳು ಅವಳು. ಆಮೇಲೆ ಆಂಟಿ, ಕಪ್ ಹಿಡ್ಕೊಂಡೇ ಬರ್ತೇನೆ. ಒಳಗೆ ಬಂದರೆ ಇವರು ಎಚ್ಚರವಾಗಿದ್ದರು, ಯಾರು, ರೋನಿಯಾ, ಒಳಗೆ ಬರಲಿಲ್ಲವಾ. ಅವಸರವಂತೆ, ಟೀಮು ಉಂಟಲ್ಲ. ಹೌದು, ಟೀಮು ಉಂಟು, ಗೆದ್ದರೆ ಮೊದಲು ಇಲ್ಲಿಗೇ ಬರ್ತಾರೆ, ನೋಡು ನೀನು — ಮೆಟ್ಟಿಲಲ್ಲಿ ಆಡಿದ್ದು ಎಷ್ಟು ಕೇಳಿಸಿತ್ತೋ ಎಷ್ಟು ಇಲ್ಲವೋ.

ತಿಳಿ ಬಸಿದು, ಉಪ್ಪಿನ ಒಂದು ಹರಳು ಹಾಕಿ, ಆರಿಸುತ್ತಾ ತಂದು ಮಂಚದ ಪಕ್ಕ ಕೂತಳು, ಚಮಚ ತುಟಿಗೆ ತಾಗಿಸಿದಳು, ತುಟಿ ಇದ್ದಲ್ಲೇ ಇತ್ತು, ಇನ್ನೊಮ್ಮೆ ತಾಗಿಸಿದಳು, ಎದೆಯ ಮೇಲಿನ ಹೊದಿಕೆ ಏಳುತ್ತಿಲ್ಲ. ಚಮಚವನ್ನು ಬಟ್ಟಲಲ್ಲಿಟ್ಟು ಬಟ್ಟಲನ್ನು ಕೆಳಗಿಟ್ಟಳು. ಹೊರಗೆ ಕೂಗುತ್ತಲೇ ಇದ್ದಾರೆ. ಬೇಲಿಯ ಬಳಿ ನಿಂತು ಒಂದು ಮಾತು ಹೇಳಿದರೆ ಸಾಕು, ಇಮ್ಯಾನುಯೆಲ್ ಓಡಿ ಹಗ್ಗ ಎಳೆಯುತ್ತಾನೆ, ಅಷ್ಟೂ ಬಾಯಿ ಒಟ್ಟಿಗೆ ಮುಚ್ಚುತ್ತದೆ, ಮುಚ್ಚಲಿ, ಇಷ್ಟು ವರ್ಷ ನನ್ನ ಭಾನುವಾರಗಳನ್ನೆಲ್ಲ ತಿಂದ ಬಾಯಿ — ಎದ್ದಳು, ಬಾಗಿಲ ತನಕ ಹೋದಳು. ಮತ್ತೆ? ಗಂಟೆಗೆ ತಲೆಬಾಗಿಸಿ ನಿಲ್ಲುತ್ತಾರೆ, ಅಂಗಡಿ ಮುಟ್ಟುವಷ್ಟರಲ್ಲಿ ಶುರು ಮಾಡುತ್ತಾರೆ, ಸಾಯುವಾಗಲೂ ಕಪ್ ತಿಂದೇ ಹೋದ ಮಾರಾಯ, ಎಂದು, ಗೋರಿಯ ಮುಂದೆ ಹಾದುಹೋಗುವಾಗೆಲ್ಲ ಅದನ್ನೇ ಹೇಳುತ್ತಾರೆ. ತಿರುಗಿ ಬಂದು ಕೂತಳು. ಬಾಯಿ ಒರೆಸಿದಳು, ಕಣ್ಣಿನ ರೆಪ್ಪೆ ಇಳಿಸಿದಳು, ಕೂದಲಿಗೆ ನೀರು ಸವರಿ ಬಾಚಿದಳು, ದೇವರ ಪೀಠದ ಶಂಕರಪುರದ ಮಲ್ಲಿಗೆ ತರಲು ಹೋದವಳು ತರಲಿಲ್ಲ, ಮಲ್ಲಿಗೆ ಇಟ್ಟರೆ ತಿಳಿದುಬಿಡುತ್ತದೆ, ಬರಲಿ, ಗೆದ್ದು ಬರಲಿ, ಮೊದಲು ಇಲ್ಲಿಗೇ ಬರಲಿ, ಅಷ್ಟಾದರೂ ನಿಜವಾಗಲಿ. ಡೋಲು ಬಿತ್ತು, ಪಟಾಕಿ, ಮತ್ತೆ ಡೋಲು, ಅವರು ಬಂದರು, ನಿಜವಾಗಿಯೂ ಮೊದಲು ಇಲ್ಲಿಗೇ ಬಂದರು, ಬೆವರು ಮಣ್ಣು ಬಿಯರಿನ ವಾಸನೆ, ಕೋಣೆಯ ತುಂಬ ಹಳದಿ. ಧನೀ, ಗೆದ್ದೆವು, ಎಂದು ರೋನಿ ಬಗ್ಗಿದ, ಎರಡೂ ಕೈಯಿಂದ ಆ ಕೈ ಹಿಡಿದ, ಹಿಡಿದವನು ಹಾಗೇ ನಿಂತ, ತಲೆ ಎತ್ತಿ ಅವಳನ್ನು ನೋಡಿದ. ಅವಳೂ ನೋಡಿದಳು. ಬಾಗಿಲಲ್ಲಿ ಉಳಿದವರು ಕುಣಿಯುತ್ತಿದ್ದರು. ರೋನಿ ಅವಳ ಕಿವಿಯ ಹತ್ತಿರ ಬಂದ, ಒಂದು ಫೋಟೋ ಆಂಟಿ, ಆಮೇಲೆ ಗಂಟೆ. ಕಪ್ಪನ್ನು ಹೊದಿಕೆಯ ಮೇಲಿಟ್ಟ, ಆ ಕೈಯನ್ನು ಎತ್ತಿ ಕಪ್ಪಿನ ಹಿಡಿಗೆ ತಂದ, ಬೆರಳುಗಳನ್ನು ಒಂದೊಂದಾಗಿ ಮಡಚಿದ. ಸಪೋರ್ಟರುಗಳಲ್ಲಿ ಒಬ್ಬ, ಜಾರ್ಜ್, ಕ್ಯಾಮೆರಾ ಎತ್ತಿದ, ರೀಲಿನಲ್ಲಿ ಇನ್ನು ಎರಡೇ ಉಂಟು, ಧನೀ, ಸ್ವಲ್ಪ ಈ ಕಡೆ ನೋಡಿ. ಬೆರಳು ಬಿಚ್ಚಿಕೊಂಡಿತು. ರೋನಿ ಮಡಚಿದ. ಬಿಸಿನೀರು ಕಾಯಿಸಬೇಕು, ಇಮ್ಯಾನುಯೆಲನಿಗೆ ಹೇಳಬೇಕು, ಮೊಂಬತ್ತಿ ಎಲ್ಲಿಟ್ಟೆ, ಕರಿ ಕೋಟು ಇಸ್ತ್ರಿಯಾಗಿಲ್ಲ, ಬರ್ತಾಳನ್ನು ಕರೆಯಬೇಕು — ಕಿರುಬೆರಳು ಬಿಚ್ಚಿಕೊಂಡಿತು, ಅವನು ಮಡಚಿದ, ಬಟನ್ ಹಾಕದಿದ್ದರೆ ಕೋಟಿನ ಕುತ್ತಿಗೆ ನಿಲ್ಲುವುದಿಲ್ಲ, ಬಟನ್ — ಹೆಬ್ಬೆರಳು ಬಿಚ್ಚಿಕೊಂಡಿತು, ಅವನು ಒತ್ತಿದ, ಬೆಳಕು ಫಳಕ್ಕೆಂದಿತು, ನೀರು ಕಾಯಿಸಬೇಕು, ನೀರು — ಬೆರಳು ಬಿಚ್ಚಿಕೊಳ್ಳುತ್ತದೆ, ರೋನಿ ಮಡಚುತ್ತಾನೆ, ಬಿಚ್ಚಿಕೊಳ್ಳುತ್ತದೆ, ಮಡಚುತ್ತಾನೆ