೧೯೧೭ ಇಸವಿಯಲ್ಲ

ನಡುಮನೆಯಲ್ಲಿ ಗಂಡನನ್ನು ಮಲಗಿಸಿದ್ದರು. ಅವಳು ಒಳಕೋಣೆಯಲ್ಲಿ ಅವನ ಮೇಜಿನ ಡ್ರಾಯರುಗಳನ್ನು ಎಳೆದೆಳೆದು ಟಾರ್ಚು ಹುಡುಕುತ್ತಿದ್ದಳು.

"ಒಂದು ಕಡೆ ಕೂತ್ಕೊಳ್ಳೇ. ಕಾಲು ಸುಟ್ಟ ಬೆಕ್ಕಿನ ಥರ ತಿರುಗ್ತಿದ್ದೀಯ," ಎಂದರು ಅತ್ತೆ.

"ದುರ್ಬೀನಿನ ತಾತ ಬಂದಿದಾರೆ, ಅತ್ತೆ."

"ಇವತ್ತೇನಾ? ಹೆಣ ಎತ್ತೋವರೆಗೂ ತಡೆಯೋಕಾಗ್ಲಿಲ್ವಾ ಆ ಮುದುಕಪ್ಪನಿಗೆ?"

ಬಾಗಿಲಲ್ಲಿದ್ದ ಮುದಿ ದರ್ಜಿ ಹಿಡಿಯಷ್ಟಾದರು. "ಗುರುವಾರ ಬನ್ನಿ ಅಂದಿದ್ರು. ವಿಷಯ ಗೊತ್ತಿರ್ಲಿಲ್ಲ ತಾಯಿ. ಹೊರಡ್ತೀನಿ."

"ಕೂತ್ಕೊಳ್ಳಿ," ಎಂದಳು ಅವಳು.

*

ಕನ್ನಡಕದಂಗಡಿ ಇಟ್ಟಿದ್ದ ಗಂಡ ತಿಂಗಳ ಹಿಂದೆ ದರ್ಜಿ ಕೊಟ್ಟ ಹಿತ್ತಾಳೆ ಕೊಳವೆಯನ್ನು ಮನೆಗೆ ತಂದಿದ್ದ. ಒಂದೇ ಕಣ್ಣಿನದು, ಮೊಣಕೈಯಂತೆ ಬಾಗಿದ್ದು. ಫಿರಂಗಿಗೆ ಹಚ್ಚಿ ಗುರಿ ನೋಡುವ ದುರ್ಬೀನು ಎಂದು ತಿಳಿಯಲು ವಾರ ಹಿಡಿಯಿತು. ಮಗ್ಗುಲಲ್ಲಿ ೧೯೧೭ ಎಂದು ಕೆತ್ತಿತ್ತು. ಆ ವರ್ಷ ಯುದ್ಧಕ್ಕೆ ಹೋಗಿ ಮರಳದ ತಮ್ಮ ತಾತನದೇ ಇದು ಎಂದು ದರ್ಜಿ ನಂಬಿದ್ದರು.

ಮೊನ್ನೆ ಗಂಡ ಅದನ್ನು ಬಲ್ಬಿನ ಕೆಳಗೆ ಹಿಡಿದು ಅವಳನ್ನು ಕರೆದ. "ಗಾಜಲ್ಲಿ ಬಲ್ಬು ಯಾವ ಬಣ್ಣ ಕಾಣುತ್ತೆ ಹೇಳಿ, ಮೇಡಂ."

"ನೀಲಿ."

"ಒಳಗಿನ ಗಾಜೆಲ್ಲಾ ಹೀಗೇ ಇದೆ. ನೀಲಿ ಕಾಣಿಸೋ ಈ ಲೇಪ ಬಂದಿದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ೧೯೧೭ ಇಸವಿಯಲ್ಲ, ಬರೀ ಮಾಲಿನ ನಂಬರ್ರು. ತಾತನಿಗೆ ಹೇಗೆ ಹೇಳ್ಲೇ?"

"ಅವರದೇ ಅಂದ್ಬಿಡಿ."

"ಗಾಜಿನ ವಿಷಯದಲ್ಲಿ ಸುಳ್ಳು ಹೇಳೋದಕ್ಕಿಂತ ಅಂಗಡಿ ಮುಚ್ಚೋದು ವಾಸಿ."

ನಿನ್ನೆ ಅಂಗಡಿಯ ಬಾಗಿಲು ತೆಗೆಯುವಾಗ ಕುಸಿದವನು ಮತ್ತೆ ಏಳಲಿಲ್ಲ.

*

ಅತ್ತೆ ಕಿವಿಯಲ್ಲಿ ಉಸುರಿದರು. "ಹೌದು ಅಂತ ಹೇಳಿ ಕಳಿಸೇ. ನಿನ್ನ ಗಂಟೇನು ಹೋಗುತ್ತೆ?"

ಹಾಗೆ ಕಳಿಸಿದರೆ ಅವನ ಕೊನೆಯ ಕೆಲಸ ಸುಳ್ಳಾಗುತ್ತಿತ್ತು. ಅವಳು ಕೊನೆಗೆ ಸಿಕ್ಕ ಟಾರ್ಚನ್ನು ಕೊಳವೆಯ ಗಾಜಿಗೆ ಬಿಟ್ಟಳು.

"ಯಾವ ಬಣ್ಣ ತಾತ?"

"ನೀಲಿ."

ಗಂಡ ಹೇಳಿದ್ದಷ್ಟನ್ನೂ ಅವಳು ಒಂದೇ ಉಸಿರಿಗೆ ಹೇಳಿದಳು. ದರ್ಜಿ ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅಂದ್ರೆ ನಮ್ಮಪ್ಪ ಎಲ್ಲಿಂದಲೋ ಕೊಂಡು ತಂದಿದಾನೆ. ನಿನ್ನ ಗಂಡಂದು ಅಂತ ಅಜ್ಜಿ ಕೈಗೆ ಕೊಟ್ಟಿದಾನೆ. ಕಳ್ಳ!" ನಗಲು ಹೋಗಿ ಕಣ್ಣೊರೆಸಿಕೊಂಡರು. "ಅವಳು ಇದನ್ನ ದಿಂಬಿನ ಕೆಳಗಿಟ್ಕೊಂಡು ಮಲಗ್ತಿದ್ಲು, ತಾಯಿ. ಕತ್ತು ನೋವು ಅಂತ ಬೈಕೊಂಡೇ."

ಅಷ್ಟರಲ್ಲಿ ಗಂಡನನ್ನು ಎತ್ತಿದರು. ಅವಳು ವ್ಯಾನಿನವರೆಗೂ ಜೊತೆಗೆ ನಡೆದಳು. "ಇಲ್ಲಿ ಜಾಗ ಇಲ್ಲ ಅತ್ತಿಗೆ, ಹಿಂದಿನ ಕಾರಲ್ಲಿ ಬನ್ನಿ," ಎಂದ ಮೈದುನ. ಕಾರು ಇನ್ನೂ ಬಂದಿರಲಿಲ್ಲ. ಅವಳು ಒಳಗೆ ಓಡಿದಳು.

"ತಾತ, ಅದನ್ನ ಒಂದು ನಿಮಿಷ ಕೊಡಿ."

ಬಾಗಿದ ಕೊಳವೆ; ತಲೆ ತಗ್ಗಿಸಿದರೆ ಮಾತ್ರ ಎದುರಿನ ರಸ್ತೆ ಕಾಣುತ್ತಿತ್ತು. ಕಿಟಕಿಗೆ ಒರಗಿ ತಲೆ ತಗ್ಗಿಸಿದವಳನ್ನು ಕಂಡು, ಕೊನೆಗೂ ಅತ್ತಳಲ್ಲ ಎಂದು ಹೆಂಗಸರು ಪಿಸುಗುಟ್ಟಿದರು. ಗಾಜಿನೊಳಗೆ ಅಳತೆಯ ಗೆರೆಗಳಿದ್ದವು, ಕೂದಲೆಳೆಯಷ್ಟು ಸಣ್ಣವು. ಗೇಟಿನ ಹತ್ತಿರ ವ್ಯಾನು ಆರು ಗೆರೆಯಷ್ಟು ಅಗಲವಿತ್ತು. ಔಷಧಿ ಅಂಗಡಿ ದಾಟುವಾಗ ನಾಲ್ಕಾಯಿತು. ಕೈ ಅಲುಗದಿರಲೆಂದು ಅವಳು ಉಸಿರು ಬಿಗಿಹಿಡಿದಳು.

ಎರಡು.